ಜುಮಾದಿಲನ ಬಲಗಾಲು

ಸೇಬಿನ ಮರದ ಕಾಂಡಕ್ಕೆ ಕೆಂಪು ಬಣ್ಣದಲ್ಲಿ ಅಡ್ಡಗೀಟು ಎಳೆದದ್ದನ್ನು ನೋಡಿದ ದಿನ ನನಗೆ ಜ್ವರವೇ ಬಂತು. ಇದು ಸುಳ್ಳಲ್ಲ. ನಾನು ಹೇಳಿದ ಸುಳ್ಳು ಬೇರೆಯೇ ಇದೆ, ಅದನ್ನೇ ಈಗ ಹೇಳಲು ಕುಳಿತಿದ್ದೇನೆ.

ನನ್ನ ಹೆಸರು ಜೂರಾಕಾನ್. ಈ ಗೇಟಿನ ಒಳಗೆ ನಲವತ್ತೆರಡು ವರ್ಷ ಸವೆಸಿದವಳು. ಮೊದಲು ಇಲ್ಲಿದ್ದದ್ದು ಮಿಲಿಟರಿ ಆಸ್ಪತ್ರೆ, ನಾನು ಅಲ್ಲಿ ಆಯಾ. ನೆಲ ಒರೆಸುವುದು, ಮಲದ ಪಾತ್ರೆ ತೊಳೆಯುವುದು, ಆಪರೇಷನ್ ಕೋಣೆಯಿಂದ ಬಕೆಟ್ ಹೊರುವುದು, ಇವೇ ನನ್ನ ಕೆಲಸ. ಸೋವಿಯತ್ ಸೈನ್ಯ ಹೋಯಿತು, ನಮ್ಮ ಕಿರ್ಗಿಜ್ ಸೈನ್ಯ ಬಂತು, ಅದೂ ಗಂಟುಮೂಟೆ ಕಟ್ಟಿತು. ಆಮೇಲೆ ಹದಿನೆಂಟು ವರ್ಷ ಆಸ್ಪತ್ರೆಗೆ ಬೀಗ. ಕಿಟಕಿ ಚೌಕಟ್ಟುಗಳನ್ನು ಊರಿನವರೇ ಕಿತ್ತುಕೊಂಡು ಹೋದರು. ನಾನು ಮಾತ್ರ ಕಾವಲಿನವಳಾಗಿ ಗೇಟಿನ ಪಕ್ಕದ ಗೂಡಿನಲ್ಲಿ ಉಳಿದೆ. ಈಗ ಗೇಟಿನ ಮೇಲೆ ದೊಡ್ಡ ಬೋರ್ಡು ಬಂದಿದೆ. ಗಾಜಿನ ಕಟ್ಟಡಗಳ ಚಿತ್ರ, ಬಿಳಿ ಕೋಟು ತೊಟ್ಟು ನಗುವ ಹುಡುಗಿಯರು, ಕೆಳಗೆ 'ವೈದ್ಯಕೀಯ ಸಂಶೋಧನಾ ಆವರಣ' ಎಂಬ ಬರಹ. ಆ ಹುಡುಗಿಯರಷ್ಟು ಹಲ್ಲು ಬಿಟ್ಟು ನಗುವವರು ಇಲ್ಲಿ ಯಾವತ್ತೂ ಇರಲಿಲ್ಲ.

ಕೆಂಪು ಗೀಟು ಎಳೆಸಿದವಳು ಎಂಜಿನಿಯರ್ ಮೇರಿಮ್. ಬಿಷ್ಕೆಕ್‌ನಿಂದ ಬಂದವಳು, ಮೂವತ್ತು ದಾಟಿರಲಿಕ್ಕಿಲ್ಲ. ನನ್ನನ್ನು ಅಪಾ ಎನ್ನುತ್ತಾಳೆ, ಸ್ವಂತ ತಾಯಿಯನ್ನು ಕರೆದ ಹಾಗೆ. ಅವಳ ಮೇಲೆ ಕೋಪ ಮಾಡಿಕೊಳ್ಳುವುದು ಕಷ್ಟ, ಆದರೂ ಮಾಡಿಕೊಂಡೆ.

"ಬೇರೆ ಕಡೆ ಅಗೀಬಾರ್ದೇನೇ? ಇಷ್ಟು ಜಾಗ ಬಿದ್ದಿದೆ. ಆ ಮರ ನಿನಗೇನು ಮಾಡಿತ್ತು?"

"ನಕ್ಷೆ ಪಾಸಾಗಿದೆ ಅಪಾ. ದೊಡ್ಡ ಲ್ಯಾಬು ಅಲ್ಲೇ ಬರೋದು. ಏಳು ಮೀಟರ್ ಆಳ ತೆಗೀಬೇಕು."

"ಅಂಥಾದ್ದು ಏನಿಡ್ತೀರಿ ಅದರೊಳಗೆ?"

"ರೋಗಿಗಳ ಮೈಯಿಂದ ತೆಗೆದ ಚೂರುಗಳು. ಅಕ್ಕಿಕಾಳಿನಷ್ಟೇ ಇದ್ರೂ ಸರಿ, ಹೆಸರು, ತಾರೀಖು, ನಂಬರು ಬರೆದು ಫ್ರೀಜರ್‌ನಲ್ಲಿ ಇಡ್ತೀವಿ. ನೂರು ವರ್ಷ ಬಿಟ್ಟು ಬಂದು ಕೇಳಿದ್ರೂ ಇದು ಇಂಥವರದ್ದು ಅಂತ ಹೇಳ್ಬಹುದು."

ಅಕ್ಕಿಕಾಳಿಗೂ ಹೆಸರಂತೆ! ನಾನು ಎದ್ದು ಗೂಡಿನೊಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಆ ಹುಡುಗಿ ಪಾಪ, ತಾನೇನು ತಪ್ಪು ಮಾತಾಡಿದೆ ಎಂದು ಹೊರಗೆ ನಿಂತೇ ಇದ್ದಳು.

ನನ್ನ ಸುಳ್ಳು ಹುಟ್ಟಿದ್ದು ಎಂಬತ್ನಾಲ್ಕನೆಯ ಇಸವಿಯಲ್ಲಿ. ಆಫ್ಘನ್ ಯುದ್ಧದಿಂದ ವಿಮಾನದಲ್ಲಿ ಹುಡುಗರನ್ನು ತುಂಬಿ ತರುತ್ತಿದ್ದರು. ಜುಮಾದಿಲನಿಗೆ ಆಗ ಹತ್ತೊಂಬತ್ತು, ನನಗೆ ಇಪ್ಪತ್ತಾರು. ನೆಲದಲ್ಲಿ ಹುಗಿದಿಟ್ಟ ಬಾಂಬು ಅವನ ಬಲಪಾದವನ್ನು ಜಜ್ಜಿತ್ತು. ಇಲ್ಲಿಗೆ ತರುವಷ್ಟರಲ್ಲಿ ಕಾಲು ಕೊಳೆತು, ಮೊಣಕಾಲಿನವರೆಗೂ ತೆಗೆಯಬೇಕಾಯಿತು. ಎಚ್ಚರವಾದ ಮೇಲೆ ಅವನು ನೋವು ಎನ್ನಲಿಲ್ಲ, ನೀರು ಕೇಳಲಿಲ್ಲ.

"ಎಜೆ, ನನ್ನ ಕಾಲು ಎಲ್ಲಿ?" ಎಂದ. ಆ ವಾರ್ಡಿನ ಹುಡುಗರೆಲ್ಲ ನನ್ನನ್ನು ಎಜೆ ಎಂದೇ ಕರೆಯುತ್ತಿದ್ದರು, ಅವರವರ ಮನೆಯ ಅಕ್ಕನನ್ನು ಕರೆದ ಹಾಗೆ.

ನಮ್ಮ ಜನಕ್ಕೆ ದೇಹ ಇಡಿಯಾಗಿ ಮಣ್ಣಿಗೆ ಹೋಗಬೇಕು. ಕತ್ತರಿಸಿ ಹೋದ ಬೆರಳಾದರೂ ಬಿಳಿ ಬಟ್ಟೆ ಸುತ್ತಿ ಹೂಳುತ್ತೇವೆ, ಕೊನೆಯ ದಿನ ಎದ್ದು ನಿಲ್ಲುವಾಗ ಕೊರತೆ ಇರಬಾರದು ಎಂದು. ಆದರೆ ಆಸ್ಪತ್ರೆಯ ನಿಯಮ ಬೇರೆ. ಕತ್ತರಿಸಿದ್ದೆಲ್ಲ ಬಕೆಟ್ಟಿಗೆ, ಬಕೆಟ್ಟು ಬಾಯ್ಲರ್ ಮನೆಯ ಒಲೆಗೆ. ಹೊತ್ತುಕೊಂಡು ಹೋಗುತ್ತಿದ್ದವಳು ನಾನೇ. ಜುಮಾದಿಲನ ಕಾಲನ್ನೂ ನಾನೇ ಹೊತ್ತೆ. ಬಕೆಟ್ಟಿಗಿಂತ ಉದ್ದವಿತ್ತು, ಮೇಲೆ ಟವೆಲ್ ಮುಚ್ಚಿದ್ದೆ.

ಅವನು ನಾಲ್ಕು ದಿನ ಗೋಡೆಗೆ ಮುಖ ಮಾಡಿ ಮಲಗಿದ. ಊಟ ಇಲ್ಲ, ಮಾತಿಲ್ಲ. ಸರ್ಜನ್ನು ರಷ್ಯನ್ ಭಾಷೆಯಲ್ಲಿ ಬೈದ, ನರ್ಸು ಬಾಯಿಗೆ ಚಮಚ ತುರುಕಿದಳು, ಉಗಿದ. ಐದನೆಯ ದಿನ ಬೆಳಗ್ಗೆ ನೆಲ ಒರೆಸುತ್ತಾ ಅವನ ಕಿವಿಯ ಹತ್ತಿರ ಬಾಗಿ ಹೇಳಿಬಿಟ್ಟೆ. "ಹುಚ್ಚಪ್ಪಾ, ನಿನ್ನ ಕಾಲನ್ನ ನಾನು ತೊಳೆದು, ಬಿಳಿ ಬಟ್ಟೆ ಸುತ್ತಿ, ಹಿಂದಿನ ಅಂಗಳದ ಸೇಬಿನ ಮರದ ಕೆಳಗೆ ಹೂತಿದೀನಿ. ಪ್ರಾರ್ಥನೆ ಕೂಡ ಹೇಳಿದೀನಿ. ಯಾರಿಗೂ ಹೇಳ್ಬೇಡ, ನನ್ನ ಕೆಲಸ ಹೋಗುತ್ತೆ."

ಅವನು ತಿರುಗಿದ. ನನ್ನ ಮುಖವನ್ನೇ ನೋಡಿದ. ಆಮೇಲೆ ಸಾರು ಕೇಳಿದ, ಎರಡು ಬಟ್ಟಲು ಕುಡಿದ. ನಾನು ಕಕ್ಕಸಿಗೆ ಹೋಗಿ ಬಾಯಿ ಮುಚ್ಚಿಕೊಂಡು ಅತ್ತೆ. ಖುಷಿಗೆ ಅತ್ತೆ ಎಂದರೆ ನೀವು ನಂಬಲಿಕ್ಕಿಲ್ಲ.

ಯಾರಿಗೂ ಹೇಳಬೇಡ ಎಂದರೆ ಹುಡುಗರು ಕೇಳುತ್ತಾರೆಯೆ? ಪಕ್ಕದ ಮಂಚದವನು ಕೇಳಿದ, ಅದರಾಚೆಯವನು ಕೇಳಿದ. "ಎಜೆ, ನಂದೂ?" "ಹೂಂ, ನಿಂದೂ." ಯುದ್ಧ ಮುಗಿಯುವಷ್ಟರಲ್ಲಿ ಆ ಮರದ ಕೆಳಗೆ ನನ್ನ ಬಾಯಿಂದ ಹೂಳಿದ ಕೈಕಾಲುಗಳಿಗೆ ಲೆಕ್ಕವಿಲ್ಲ.

ಅಲ್ಲಿಗೇ ಮುಗಿದಿದ್ದರೆ ಆಗುತ್ತಿತ್ತು. ಆದರೆ ಅವರು ಪ್ರತಿ ಫೆಬ್ರವರಿಯಲ್ಲಿ, ಯುದ್ಧ ಮುಗಿದ ದಿನ, ಮೌಲ್ವಿಯನ್ನು ಕರೆದುಕೊಂಡು ಬರತೊಡಗಿದರು. ಮರದ ಕೆಳಗೆ ಹಿಮ ಸರಿಸಿ ಕೂರುತ್ತಿದ್ದರು, ಕುರಾನ್ ಓದಿಸುತ್ತಿದ್ದರು, ಕೊಂಬೆಗೆ ಬಿಳಿ ಬಟ್ಟೆಯ ಚೂರು ಕಟ್ಟುತ್ತಿದ್ದರು. ನನ್ನನ್ನು ಮಧ್ಯದಲ್ಲಿ ಕೂರಿಸಿ ಮೊದಲ ಬಟ್ಟಲು ಚಹಾ ನನಗೇ ಕೊಡುತ್ತಿದ್ದರು. ನಾನೂ ಎರಡು ಕೈಯಲ್ಲಿ ಮುಖ ಸವರಿಕೊಂಡು ಓಮಿನ್, ಹಾಗೇ ಆಗಲಿ, ಎನ್ನುತ್ತಿದ್ದೆ. ಮೂವತ್ತೈದು ವರ್ಷ ಹಾಗೆ ಅಂದವಳು ನಾನು.

ಜುಮಾದಿಲನ ಕಸುಬನ್ನೂ ಹೇಳಬೇಕು. ಒಂಟಿಗಾಲಿನವನು ಬೆಟ್ಟದಲ್ಲಿ ಕುರಿ ಕಾಯಲಾರ, ಆದರೆ ಕೂತು ಮಾಂಸ ಪಾಲು ಮಾಡಬಲ್ಲ. ಮದುವೆಯಾಗಲಿ ಸಾವಾಗಲಿ, ನಮ್ಮಲ್ಲಿ ಯಾರ ತಟ್ಟೆಗೆ ಯಾವ ಎಲುಬು ಹೋಗಬೇಕು ಎನ್ನುವುದು ಮಾನದ ಪ್ರಶ್ನೆ. ಹಿರಿಯರ ಎಲುಬು ಅಳಿಯನ ಮುಂದೆ ಬಿತ್ತೋ, ಎರಡು ಮನೆಗಳು ಹತ್ತು ವರ್ಷ ಮಾತು ಬಿಟ್ಟಂತೆ. ಈ ಸುತ್ತಿನಲ್ಲಿ ಆ ಕೆಲಸಕ್ಕೆ ಜುಮಾದಿಲನನ್ನೇ ಕರೆಯುತ್ತಿದ್ದರು. ಹಂಡೆಯ ಹಬೆಯಲ್ಲಿ ಕಣ್ಣು ಮುಚ್ಚಿಕೊಂಡು ಕೈ ಹಾಕಿದರೂ ಯಾವ ಪ್ರಾಣಿ, ಯಾವ ಎಲುಬು, ಎಷ್ಟು ವಯಸ್ಸು ಎಂದು ಹೇಳುತ್ತಿದ್ದ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮುಂದೆ ಹೇಳಲಿರುವ ಆ ಕೆಲಸ ಮಾಡಿದೆನಲ್ಲ, ನನ್ನ ಬುದ್ಧಿಗಿಷ್ಟು!

ಮರ ಕಡಿಯುವ ಸುದ್ದಿ ತಿಳಿದು ಅಕ್ಟೋಬರಿನಲ್ಲಿ ಆ ಹಳೆಯ ಸೈನಿಕರು ಬಂದರು. ಉಳಿದವರು ಆರು ಜನ. ಮೇರಿಮ್ ಒಳ್ಳೆಯ ಹುಡುಗಿ, ತಲೆ ತಗ್ಗಿಸಿ ಕೇಳಿಸಿಕೊಂಡಳು. ಮಂಗಳವಾರ ಯಂತ್ರ ನಿಲ್ಲಿಸಿ ಕೈಯಿಂದ ಅಗೆಸುತ್ತೇನೆ, ಸಿಕ್ಕಿದ್ದನ್ನು ನೀವೇ ತೆಗೆದುಕೊಂಡು ಹೋಗಿ ಎಂದಳು. "ಬೇಕಾದ್ರೆ ಪರೀಕ್ಷೆ ಮಾಡಿಸಿ, ಯಾವುದು ಯಾರದ್ದು ಅಂತಲೂ ಹೇಳಿಸ್ತೀನಿ" ಎಂದೂ ಸೇರಿಸಿದಳು. ನಾನು ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟುಬಿಟ್ಟೆ.

"ಪರೀಕ್ಷೆ ಗಿರೀಕ್ಷೆ ಬೇಡಮ್ಮ" ಎಂದ ಜುಮಾದಿಲ್. "ಎಜೆ ಇದಾರಲ್ಲ. ಅವರ ಮಾತೇ ಸಾಕು."

ಉಳಿದವರು ಹೋದ ಮೇಲೂ ಅವನು ನನ್ನ ಗೂಡಿನಲ್ಲಿ ಕುಳಿತಿದ್ದ. ಕಣ್ಣಿನ ಬಿಳಿಯೆಲ್ಲ ಹಳದಿ, ಹೊಟ್ಟೆ ಊದಿತ್ತು. ಯುದ್ಧದಲ್ಲಿ ಹತ್ತಿದ ಕಾಮಾಲೆ ಅವನ ಯಕೃತ್ತನ್ನು ಅಷ್ಟು ವರ್ಷಗಳಿಂದ ತಿನ್ನುತ್ತಾ ಬಂದಿತ್ತು.

"ಡಾಕ್ಟ್ರು ಹೊಸ ವರ್ಷದ ಮಾತೇ ಎತ್ತಲಿಲ್ಲ ಎಜೆ. ಚಳಿಗಾಲದೊಳಗೇ ನನ್ನ ಸಾಮಾನು ಕಟ್ಟೋ ಹಾಗಿದೆ."

"ಬಾಯ್ಮುಚ್ಚು. ಡಾಕ್ಟ್ರಿಗೇನು ಗೊತ್ತು?"

"ಇಲ್ಲ, ನಂಗೆ ಭಯ ಇಲ್ಲ. ನಿಜವಾಗ್ಲೂ ಇಲ್ಲ. ಕಾಲು ಸಿಕ್ರೆ ಸಾಕು. ನಲವತ್ತು ವರ್ಷ ಬೇರೆ ಬೇರೆ ಇದ್ವಿ, ಹೋಗುವಾಗ ಒಟ್ಟಿಗೇ ಹೋಗ್ತೀವಿ" ಎಂದು ನಕ್ಕ.

ಆಗಲೇ ಹೇಳಬೇಕಿತ್ತು. ಬಾಯಿಯನ್ನೂ ತೆರೆದೆ. "ಇನ್ನೊಂದು ಬಟ್ಟಲು ಹಾಕಲಾ?" ಎಂದು ಕೇಳಿದೆ. ಹೇಡಿ ಮುಂಡೆ ನಾನು.

ಶನಿವಾರ ಬಸ್ಸು ಹತ್ತಿ ಹಳೆಯ ಕಸಾಯಿಖಾನೆಯ ಹಿಂದಿನ ಕೊರಕಲಿಗೆ ಹೋದೆ. ಅಲ್ಲಿ ವರ್ಷಾನುಗಟ್ಟಲೆ ಬಿಸಾಡಿದ ಎಲುಬುಗಳು ಬಿಸಿಲಿಗೆ, ಹಿಮಕ್ಕೆ ಬಿದ್ದು ಹಳದಿಯಾಗಿರುತ್ತವೆ. ತೆಳ್ಳಗಿರುವುದನ್ನು, ಉದ್ದವಿರುವುದನ್ನು ಆರಿಸಿದೆ. ಬಹಳಷ್ಟು ಕುದುರೆಮರಿಯ ಕಾಲೆಲುಬುಗಳು. ಹಿಟ್ಟಿನ ಚೀಲದಲ್ಲಿ ತುಂಬಿ ತಂದೆ. ಬಸ್ಸಿನಲ್ಲಿ ಪಕ್ಕದ ಹೆಂಗಸು, "ನಾಯಿ ಸಾಕಿದೀರಾ ಅಪಾ?" ಎಂದಳು. "ಹೂಂ, ಆರು ನಾಯಿ" ಎಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಆ ಆರು ಎಲ್ಲಿಂದ ಬಂತು ನನ್ನ ಬಾಯಿಗೆ!

ಭಾನುವಾರ ಕೆಲಸದವರಿಗೆ ರಜೆ. ಮಧ್ಯಾಹ್ನ ಗೇಟಿಗೆ ಒಳಗಿಂದ ಬೀಗ ಹಾಕಿ, ಮರದ ಬುಡದಲ್ಲಿ ಅಗೆದೆ. ಅರವತ್ತಾರರ ಸೊಂಟ, ಒಂದು ಗುದ್ದಲಿಗೆ ಒಂದು ಉಸಿರು. ಮೊಣಕಾಲಿನ ಆಳಕ್ಕೆ ಹೋಗುವಷ್ಟರಲ್ಲಿ ಕಣ್ಣು ಕತ್ತಲಿಟ್ಟಿತು. ಒಂದೊಂದಾಗಿ ಇಟ್ಟು, ಮಣ್ಣು ಮುಚ್ಚಿ, ತುಳಿದು, ಮೇಲೆ ಒಣ ಎಲೆ ಹರಡಿದೆ. ಇಡುವಾಗ ಪ್ರಾರ್ಥನೆ ಬಾಯಿಗೆ ಬಂತು. ಕುದುರೆಗೆ ಎಂಥ ಪ್ರಾರ್ಥನೆ ಎಂದು ಅಲ್ಲಿಗೇ ನಿಲ್ಲಿಸಿದೆ.

ಮಂಗಳವಾರ ಆರು ಜನ ಬಂದರು, ಮೌಲ್ವಿ ಬಂದ, ಮೇರಿಮ್ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ದೂರ ನಿಂತಳು. ಇಬ್ಬರು ಕೂಲಿಗಳು ಅಗೆದರು. ಮೊದಲ ಎಲುಬು ಕಂಡಾಗ ಆ ಮುದುಕರ ಬಾಯಿಂದ ಬಂದ ಸದ್ದನ್ನು ನಾನು ಹೇಳಲಾರೆ. ಒಬ್ಬ ಮಣ್ಣಿಗೆ ಹಣೆ ಹಚ್ಚಿದ. ಒಂದು ಕೈಯಿಲ್ಲದ ಎರ್ಗೆಶ್, ಇರುವ ಇನ್ನೊಂದು ಕೈಯಲ್ಲಿ ಮಣ್ಣು ಕೆದಕುತ್ತಾ, "ನಂದು ಸಣ್ಣದಿರ್ಬೇಕು, ನಂದು ಮೊಣಕೈ ಕೆಳಗಿಂದು, ನೋಡ್ರೋ" ಎಂದು ಬಿಕ್ಕಿದ. ಕಣ್ತುಂಬ ನೀರು ತುಂಬಿಕೊಂಡವರಿಗೆ ಎಲುಬಿನ ಆಕಾರ ಎಲ್ಲಿ ಕಾಣುತ್ತದೆ? ಎಲ್ಲರೂ ಬಿಳಿ ಬಟ್ಟೆ ತಂದಿದ್ದರು, ಸುತ್ತತೊಡಗಿದರು.

ಜುಮಾದಿಲ್ ಒಂದನ್ನು ಎತ್ತಿಕೊಂಡ. ಅಂಗಿಯ ತೋಳಿನಿಂದ ಮಣ್ಣು ಒರೆಸಿದ. ಹೆಬ್ಬೆರಳಿನಿಂದ ಎಲುಬಿನ ಅಂಚನ್ನು ಮೇಲಿಂದ ಕೆಳಕ್ಕೆ ಸವರಿದ, ತಿರುಗಿಸಿದ, ತುದಿಯ ಕೀಲಿನ ಗುಳಿಯಲ್ಲಿ ಬೆರಳಿಟ್ಟ. ಔತಣದ ಹಂಡೆಯ ಮುಂದೆ ಕುಳಿತು ಮಾಡುವ ಹಾಗೆಯೇ. ಬೆರಳು ಅಲ್ಲಿಯೇ ನಿಂತಿತು.

ಅವನು ತಲೆ ಎತ್ತಿ ನನ್ನನ್ನು ನೋಡಿದ.

"ಸಿಕ್ತೇನೋ ನಿಂದು?" ಎಂದು ಎರ್ಗೆಶ್ ಕೇಳಿದ.

ಜುಮಾದಿಲ್ ಆ ಎಲುಬಿಗೆ ಬಿಳಿ ಬಟ್ಟೆ ಸುತ್ತಿದ. "ಸಿಕ್ತು" ಎಂದ. "ನಂದೇ. ಓದಿ ಮೌಲ್ವಿಗಳೇ, ಚಳಿಯಾಗ್ತಿದೆ."

ಸಂಜೆಗೆ ಮೊದಲು ಅವನೊಬ್ಬನೇ ನನ್ನ ಗೂಡಿಗೆ ಬಂದ. ಬಿಳಿ ಬಟ್ಟೆಯ ಗಂಟನ್ನು ನನ್ನ ಮೇಜಿನ ಮೇಲೆ, ರೊಟ್ಟಿಯ ಪಕ್ಕದಲ್ಲಿ ಇಟ್ಟ.

"ಒಂದೂವರೆ ವರ್ಷದ ಮರಿ" ಎಂದ. "ಹಿಂಗಾಲು. ನನ್ನ ಕೈಗೇ ಇದನ್ನ ಕೊಡೋಕೆ ನಿಂಗೆ ಹೇಗೆ ಮನಸ್ಸು ಬಂತು ಎಜೆ?"

ನಾನು ಗಂಟನ್ನು ರೊಟ್ಟಿಯಿಂದ ದೂರ ಸರಿಸಿದೆ.

"ನಂದು ಎಲ್ಲಿ?"

"ಬಾಯ್ಲರ್ ಮನೇಲಿ" ಎಂದೆ. "ಒಲೆಗೆ ಹಾಕಿದ್ದು. ಎಲ್ಲಾರದ್ದೂ ಒಲೆಗೇ. ನಿಯಮ ಹಾಗಿತ್ತು ಜುಮಾದಿಲ್. ನೀನು ಊಟ ಬಿಟ್ಟಿದ್ದೆ, ಸತ್ತೇ ಹೋಗ್ತಿದ್ದೆ."

"ಆಗ ಸರಿ! ಆಗ ಹುಡುಗ, ಸುಳ್ಳು ಹೇಳಿ ಉಣಿಸಿದೆ, ಸರಿ. ಆಮೇಲೆ?" ಮೇಜಿನ ಮೇಲೆ ಕೈ ಬಡಿದ, ಬಟ್ಟಲುಗಳು ಹಾರಿದವು. "ಪ್ರತಿ ವರ್ಷ ಖಾಲಿ ಮಣ್ಣಿನ ಮುಂದೆ ಕೂತು ನಾವು ಅತ್ವಲ್ಲ! ನೀನೂ ಪಕ್ಕದಲ್ಲಿ ಕೂತು ಮುಖ ಸವರ್ಕೊಂಡು ಓಮಿನ್ ಅಂದ್ಯಲ್ಲ! ನಿನ್ನ ನಾಲಿಗೆ ಹೇಗೆ ಆಡ್ತು?"

ಆಡಿತು, ಅಷ್ಟೇ. ಏಪ್ರನ್ನಿನ ಅಂಚನ್ನು ಬಾಯಿಗೆ ತುರುಕಿಕೊಂಡೆ.

ಅವನ ಉಸಿರು ತಹಬಂದಿಗೆ ಬರಲು ಬಹಳ ಹೊತ್ತಾಯಿತು. ಆಮೇಲೆ ಮೆಲ್ಲಗೆ ಕೇಳಿದ. "ಬೂದಿ ಏನ್ಮಾಡ್ತಿದ್ರಿ?"

ಇದನ್ನು ಅವನು ಕೇಳದಿರಲಿ ಎಂದು ನಾನು ನಲವತ್ತು ವರ್ಷ ಬೇಡಿಕೊಂಡಿದ್ದೆ. "ದಾರಿಗೆ ಚೆಲ್ತಿದ್ವಿ" ಎಂದೆ. "ಚಳಿಗಾಲದಲ್ಲಿ ಮಂಜುಗಡ್ಡೆ ಕಟ್ತಿತ್ತಲ್ಲ. ವಾರ್ಡಿಂದ ಸ್ನಾನದ ಮನೆಗೆ ಹೋಗೋ ದಾರಿ. ಕಲ್ಲಿದ್ದಲ ಕಿಟ್ಟ, ಬೂದಿ, ಎಲ್ಲಾ ಅಲ್ಲಿಗೇ. ನಿಮ್ಮ ಊರುಗೋಲು ಜಾರಬಾರ್ದು ಅಂತ."

ಆ ದಾರಿಯ ಮೇಲೆಯೇ ಅವನು ನಡೆಯಲು ಕಲಿತದ್ದು. ಅವನ ಕಂಕುಳಿಗೆ ಕೈ ಕೊಟ್ಟು, ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ ಎಂದು ಎಣಿಸಿ ನಡೆಸಿದವಳು ನಾನು.

"ಅಂದ್ರೆ ಅದರ ಮೇಲೇ..." ಎಂದ. ಮುಗಿಸಲಿಲ್ಲ. ಮುಖ ಮುಚ್ಚಿಕೊಂಡ. ನಗುತ್ತಿದ್ದಾನೋ ಅಳುತ್ತಿದ್ದಾನೋ ತಿಳಿಯಲಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು.

ಆ ದಾರಿಯನ್ನು ಹಿಂದಿನ ತಿಂಗಳೇ ಕಿತ್ತು ಲಾರಿಗಳಲ್ಲಿ ಊರಾಚೆಗೆ ಸಾಗಿಸಿದ್ದರು. ಉಳಿದದ್ದು ನನ್ನ ಗೂಡಿನ ಹಿಂದೆ, ಗೋಡೆಗೆ ಹತ್ತಿಕೊಂಡ ನಾಲ್ಕು ಅಡಿ ಅಗಲದ ತುಂಡು. ಅವನಿಗೆ ತೋರಿಸಿದೆ. ಅವನು ನನ್ನ ಖಾಲಿ ಚಹಾ ಡಬ್ಬಿ ಕೇಳಿದ, ಚಮಚ ಕೇಳಿದ. ಮರದ ಕಾಲನ್ನು ಚಾಚಿ ನೆಲಕ್ಕೆ ಕುಳಿತು, ಮೇಲಿನ ಮಣ್ಣು ಸರಿಸಿ, ಅಡಿಯ ಕರಿ ಹರಳನ್ನು ತುಂಬಿಸಿದ.

"ಇದ್ರಲ್ಲಿ ನಂದು ಎಷ್ಟಿರ್ಬೋದು?"

"ಗೊತ್ತಿಲ್ಲಪ್ಪ."

"ಇದ್ದಷ್ಟೇ ಇರ್ಲಿ. ಗೋರಿಯಲ್ಲಿ ಬಲಗಾಲಿನ ಹತ್ರ ಸುರಿಸ್ತೀನಿ." ಮುಚ್ಚಳ ಒತ್ತಿದ. "ಉಳಿದವರಿಗೆ ಒಂದು ಮಾತೂ ಹೇಳ್ಬೇಡ. ಎರ್ಗೆಶ್ ಈಗಾಗ್ಲೇ ಊರ ಗೋರಿಗಳ ಹತ್ರ ಹೂತು ಬಂದ. ಅವನ ಮುಖ ನೋಡ್ಬೇಕಿತ್ತು ನೀನು. ನನ್ನ ಹೆಂಡ್ತಿಗೆ ನಾನೇ ಹೇಳ್ತೀನಿ, ಸಮಯ ನೋಡಿ."

"ಆ ಎಲುಬು?"

"ಎಲ್ಲರ ಕಣ್ಣೆದುರು ನಂದೇ ಅಂದಿದೀನಲ್ಲ, ಮನೆಗೆ ತಗೊಂಡು ಹೋಗ್ಬೇಕು. ಆಮೇಲೆ ನಾಯಿಗೆ ಹಾಕ್ತೀನಿ. ನಿಂಗೆ ಆರು ನಾಯಿ ಇದಾವಾ ಎಜೆ?" ಎಂದ. ಆ ಬಸ್ಸಿನ ಹೆಂಗಸು ಅವನ ಬೀದಿಯವಳಂತೆ, ನನ್ನ ಗುರುತು ಅವಳಿಗಿತ್ತು. ನಾನು ಭೂಮಿಗೆ ಇಳಿದುಹೋದೆ. ಅವನು ಗಂಟನ್ನು ಕಂಕುಳಲ್ಲಿಟ್ಟು, ಡಬ್ಬಿಯನ್ನು ಕೋಟಿನ ಒಳಜೇಬಿನಲ್ಲಿಟ್ಟುಕೊಂಡು, ಹೋಗಿ ಬರುತ್ತೇನೆ ಎಂದೂ ಹೇಳದೆ ಹೊರಟ. ಆಮೇಲೆ ಅವನನ್ನು ನಾನು ಜೀವಂತ ನೋಡಲಿಲ್ಲ.

ಜನವರಿಯಲ್ಲಿ ಅವನು ಹೋದ. ಇಲ್ಲಿ ಆ ಹೊತ್ತಿಗೆ ಸೇಬಿನ ಮರ ಇದ್ದ ಕಡೆ ಏಳು ಮೀಟರ್ ಹೊಂಡ, ಅದರೊಳಗೆ ಕಬ್ಬಿಣದ ಸರಳುಗಳು ನಿಂತಿದ್ದವು. ಅವನ ಮನೆಗೆ ಹೋಗಲೋ ಬೇಡವೋ ಎಂದು ಬೆಳಗೆಲ್ಲ ಒದ್ದಾಡಿ, ಕೊನೆಗೆ ಹೋದೆ. ಅಂಗಳದಲ್ಲಿ ಸಾವಿನ ಮನೆಯ ಯುರ್ತ್ ಗುಡಾರ ಕಟ್ಟಿದ್ದರು. ಹೊರಗೆ ಗಂಡಸರು ಕೋಲಿಗೆ ಒರಗಿ ನಿಂತು ಗೋಳಿಡುತ್ತಿದ್ದರು, ಒಳಗೆ ಹೆಂಗಸರು ಹಾಡಿ ಅಳುತ್ತಿದ್ದರು. ನನ್ನನ್ನು ಕಂಡದ್ದೇ ದಾರಿ ಬಿಟ್ಟರು. "ಜೂರಾಕಾನ್ ಎಜೆ ಬಂದ್ರು, ಕಾಲು ಕಾಪಾಡಿದ ಎಜೆ" ಎಂದು ಪಿಸುಗುಟ್ಟಿದರು.

ಗಂಡಸರು ಹೆಣವನ್ನು ಹೊತ್ತು ಹೋದರು. ನಮ್ಮಲ್ಲಿ ಹೆಂಗಸರು ಗೋರಿಯ ತನಕ ಹೋಗುವುದಿಲ್ಲ. ಅವನ ಹೆಂಡತಿ ಗುಲ್ಸುನ್ ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಇಡಿಯಾಗಿ ಕಳಿಸಿದ್ವಿ ಎಜೆ. ಕಫನ್ ಬಟ್ಟೆ ಒಳಗೆ ಬಲಗಡೆಗೆ ಆ ಎಲುಬನ್ನ ನನ್ನ ಕೈಯಾರೆ ಇಟ್ಟೆ. ಎಲ್ಲಾ ನಿಮ್ಮಿಂದ."

"ಅವನು ಏನೂ ಹೇಳಲಿಲ್ವಾ ನಿನಗೆ?"

"ಎಲ್ಲಿ? ಒಂದೇ ರಾತ್ರೀಲಿ ಮಾತು ನಿಂತು ಹೋಯ್ತು. ಆರು ದಿನ ಬರೀ ಸನ್ನೆ. ಕಿಟಕಿ ಕಡೆ ಕೈ ತೋರಿಸೋರು, ಕಣ್ಣಲ್ಲಿ ನೀರು. ತೆರೆದೆ, ಮುಚ್ಚಿದೆ, ಪರದೆ ತೆಗೆದೆ, ಔಷಧಿ ಕೊಟ್ಟೆ. ಏನು ಬೇಕಿತ್ತೋ, ದೇವರಿಗೇ ಗೊತ್ತು."

"ಕಿಟಕಿ ಮೇಲೆ ಏನಿತ್ತು?"

"ಏನೂ ಇರ್ಲಿಲ್ಲ. ಒಂದು ಚಹಾ ಡಬ್ಬಿ ಇತ್ತು, ತುಂಬಾ ಕರೀ ಬೂದಿಮಣ್ಣು. ಯಾಕೆ ಇಟ್ಕೊಂಡಿದ್ರೋ." ಮೂಗು ಒರೆಸಿಕೊಂಡಳು. "ಉಪಯೋಗಕ್ಕೆ ಬಂತು ಬಿಡಿ. ಬೆಳಗ್ಗೆ ಮೆಟ್ಟಿಲೆಲ್ಲಾ ಮಂಜುಗಡ್ಡೆ. ಹೊತ್ತುಕೊಂಡು ಹೋಗೋರು ಜಾರಿಬಿಟ್ರೆ ಅಂತ ಅದನ್ನೇ ಚೆಲ್ಲಿದೆ. ತಪ್ಪಾಯ್ತಾ ಎಜೆ?"

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಲವತ್ತು ವರ್ಷದ ಹಿಂದೆ ಅವಳ ಗಂಡ ಗೋಡೆಯಿಂದ ತಿರುಗಿ ನೋಡಿದ ಹಾಗೆಯೇ.

"ಇಲ್ಲ ಕಣವ್ವ" ಎಂದೆ. "ಒಳ್ಳೇದೇ ಮಾಡ್ದೆ."

ಮೌಲ್ವಿಯಿಲ್ಲದಿದ್ದರೂ ಹಿರಿಯಳೊಬ್ಬಳು ಪ್ರಾರ್ಥನೆ ಹೇಳಿದಳು. ಎಲ್ಲರ ಜೊತೆ ನಾನೂ ಮುಖ ಸವರಿಕೊಂಡು ಓಮಿನ್ ಎಂದೆ. ಹೊರಡುವಾಗ ಮನೆಯ ಮೆಟ್ಟಿಲ ಮುಂದೆ ಹಾದೆ. ಗಂಡಸರ ಬೂಟುಗಳು ತುಳಿದು ತುಳಿದು ಕರಿ ಹರಳು ಮಂಜಿನೊಳಗೆ ಇಳಿದಿತ್ತು. ಬಾಗಿ ಉಗುರಿನಿಂದ ಕೆರೆದೆ. ಗಟ್ಟಿಯಾಗಿ ಹಿಡಿದುಕೊಂಡಿತ್ತು, ಒಂದು ಚೂರೂ ಬರಲಿಲ್ಲ. ಯಾರೋ ಓಡಿ ಬಂದು, "ಜೋಪಾನ ಎಜೆ, ಜಾರೀತು" ಎಂದು ನನ್ನ ಕಂಕುಳಿಗೆ ಕೈ ಕೊಟ್ಟರು. ಅದರ ಮೇಲೆಯೇ ಹೆಜ್ಜೆಯಿಟ್ಟು ನಡೆದೆ. ಜಾರಲಿಲ್ಲ.